ಒಂದು ದಾರ, ಎರಡು ಗಾಳ

ಗಾಳ ಹಾಕಿ ಮೀನು ಹಿಡಿಯೋದು ಕೆರೆ ಪಕ್ಕದ ಊರಿನವರಿಗೆಲ್ಲ ಗೊತ್ತು. ಒಂದು ಬಿದಿರಿನ ಕೋಲು. ಒಂದು ದಾರ. ದಾರದ ತುದಿಗೆ ಗಾಳ. ಗಾಳಕ್ಕೆ ಒಂದು ಎರೆಹುಳು.

ಒಂದು ದಿನ ಬೇಗ ಮೀನು ಸಿಗುತ್ತೆ. ಇನ್ನೊಂದು ದಿನ ಎಷ್ಟು ಹೊತ್ತು ಕೂತರೂ ಸಿಗಲ್ಲ. ‘ಇವತ್ತು ಅದೃಷ್ಟ ಇಲ್ಲ’ ಅಂತ ಎದ್ದು ಬರುತ್ತೇವೆ.

ಹೆಂಗಸರಿಗೆ ಹೊತ್ತು ಎಲ್ಲಿದೆ? ಕೂಲಿ ಇದೆ. ಅಡುಗೆ ಇದೆ. ದನಕರು ಇವೆ. ನಡುವೆ ಒಂದು ಗಂಟೆ ಬಿಡುವು ಸಿಕ್ಕರೆ ಹೆಚ್ಚು. ಆ ಒಂದು ಗಂಟೆ ಬರಿಗೈ ಆಗಬಾರದು. ಅದಕ್ಕೆ ಏನು ಮಾಡಬೇಕು? ಮೀನು ಎಲ್ಲಿ ಮೇಯುತ್ತದೆ ಎಂದು ತಿಳಿಯಬೇಕು.

ಮೀನು ಎಲ್ಲಿ ಮೇಯುತ್ತದೆ?

ಎಲ್ಲ ಮೀನೂ ಒಂದೇ ಕಡೆ ಮೇಯುವುದಿಲ್ಲ. ಕಾಟ್ಲಾ ಮೀನಿಗೆ ದೊಡ್ಡ ತಲೆ. ಅದರ ಬಾಯಿ ಮೇಲಕ್ಕೆ ತಿರುಗಿದೆ. ಅದು ಹೆಚ್ಚಾಗಿ ಮೇಲಿನ ನೀರಿನಲ್ಲಿ ಮೇಯುತ್ತದೆ. ರೋಹು ನಡುನೀರಿನಲ್ಲಿ ಮೇಯುತ್ತದೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಕೊರವ ಮೀನು ಹುಲ್ಲು, ಜೊಂಡು ಬೆಳೆದ ದಡದಲ್ಲಿ ಹೊಂಚು ಹಾಕುತ್ತದೆ. ಸಣ್ಣ ಮೀನು, ಕಪ್ಪೆ ಅದರ ಆಹಾರ.

ನಮ್ಮ ಗಾಳ ತಳದಲ್ಲಿದೆ, ಮೀನು ನಡುನೀರಿನಲ್ಲಿದೆ ಅನ್ನಿ. ಆಗ ಹೇಗೆ ಸಿಕ್ಕೀತು?

ಎರಡು ಗಾಳ ಕಟ್ಟುವ ಬಗೆ

ಅದಕ್ಕೇ ಒಂದೇ ದಾರಕ್ಕೆ ಎರಡು ಗಾಳ ಕಟ್ಟಿ ನೋಡೋಣ.

1. ನೈಲಾನ್ ದಾರದ ತುದಿಗೆ ಭಾರ ಕಟ್ಟಿ. ಕಬ್ಬಿಣದ ಸಣ್ಣ ನಟ್ಟು ಸಾಕು.

2. ಭಾರದಿಂದ ಒಂದು ಗೇಣು ಮೇಲೆ ದಾರಕ್ಕೆ ಒಂದು ಕುಣಿಕೆ ಹಾಕಿ. ಆ ಕುಣಿಕೆಗೆ 4 ಅಂಗುಲದ ಕವಲು ದಾರ ಕಟ್ಟಿ. ಅದರ ತುದಿಗೆ ಮೊದಲ ಗಾಳ.

3. ಅಲ್ಲಿಂದ 2 ಅಡಿ ಮೇಲೆ ಇನ್ನೊಂದು ಕುಣಿಕೆ, ಇನ್ನೊಂದು ಕವಲು, ಎರಡನೇ ಗಾಳ. ಕವಲು ಗಿಡ್ಡ ಇರಬೇಕು. ಉದ್ದ ಆದರೆ ಎರಡೂ ಗಾಳ ಸಿಕ್ಕು ಬೀಳುತ್ತವೆ.

4. ಮೇಲೆ ಬೆಂಡು ಕಟ್ಟಿ. ಭಾರ ತಳ ಮುಟ್ಟಬೇಕು. ಬೆಂಡು ನೀರಿನ ಮೇಲೆ ತೇಲಬೇಕು.

ಈಗ ಒಂದು ಗಾಳ ತಳದ ಹತ್ತಿರ. ಇನ್ನೊಂದು ನಡುನೀರಿನಲ್ಲಿ.

ಹೊಳೆಯುವ ತಗಡು

ಕೊರವ ಮೀನಿಗೆ ಬೇರೆ ಜೋಡಿ ಬೇಕು. ಅದು ಓಡಾಡುವುದನ್ನು ಕಂಡು ಎರಗುತ್ತದೆ. ಒಂದು ಅಂಗುಲದ ಹೊಳೆಯುವ ತಗಡು ತೆಗೆದುಕೊಳ್ಳಿ. ಅಂಚನ್ನು ಕಲ್ಲಿಗೆ ಉಜ್ಜಿ. ಎರಡೂ ತುದಿಗೆ ತೂತು ಮಾಡಿ. ಒಂದು ತೂತಿಗೆ ಕೋಲಿನ ದಾರ ಕಟ್ಟಿ. ಇನ್ನೊಂದಕ್ಕೆ ಒಂದು ಗೇಣು ದಾರ ಕಟ್ಟಿ. ಅದರ ತುದಿಗೆ ಎರೆಹುಳು ಚುಚ್ಚಿದ ಗಾಳ. ಇದಕ್ಕೆ ಬೆಂಡು ಬೇಡ. ನೀರಿನಲ್ಲಿ ಮೆಲ್ಲಗೆ ಎಳೆಯಿರಿ. ತಗಡು ಸಣ್ಣ ಮೀನಿನ ಹಾಗೆ ಮಿನುಗುತ್ತದೆ. ಕಣ್ಣಿಗೆ ತಗಡು, ಬಾಯಿಗೆ ಹುಳು.

ಒಂದೇ ಸಲ ಎರಡು ಬದಲಾಯಿಸಬೇಡಿ

ಮತ್ತೆ ಎರಡು ಗಾಳದ ದಾರಕ್ಕೆ ಬರೋಣ. ಮೊದಲ ದಿನ ಎರಡೂ ಗಾಳಕ್ಕೆ ಒಂದೇ ಎರೆ ಹಾಕಿ. ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಕಲಸಿ ಗಟ್ಟಿ ಗೋಲಿ ಮಾಡಿದರೆ ಆಯಿತು. ಯಾವ ಗಾಳಕ್ಕೆ ಮೀನು ಬಿತ್ತು? ಕೆಳಗಿನದಕ್ಕೆ ಅನ್ನಿ. ಅಂದರೆ ಆ ಹೊತ್ತಿಗೆ ಮೀನು ತಳದಲ್ಲಿ ಮೇಯುತ್ತಿತ್ತು.

ಎರಡನೇ ದಿನ ಮೇಲೆ ಹಿಟ್ಟು, ಕೆಳಗೆ ಎರೆಹುಳು. ಮೂರನೇ ದಿನ ಅದಲು ಬದಲು ಮಾಡಿ. ಮೇಲೆ ಹುಳು, ಕೆಳಗೆ ಹಿಟ್ಟು. ಯಾಕೆ? ಅದಲು ಬದಲು ಮಾಡದಿದ್ದರೆ ಮೀನು ಜಾಗಕ್ಕೆ ಬಂತೋ ಎರೆಗೆ ಬಂತೋ ಗೊತ್ತಾಗಲ್ಲ. ಮೂರೂ ದಿನ ಅದೇ ಜಾಗ, ಅದೇ ಹೊತ್ತು ಇರಲಿ.

ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳೋದು ಕಷ್ಟ. ನಮಗೆ ಈಗ ಬರೆಯಲು ಬರುತ್ತದಲ್ಲ! ಪುಸ್ತಕದಲ್ಲಿ ಹೀಗೆ ಬರೆಯಿರಿ:

ಸೋಮವಾರ, ಬೆಳಿಗ್ಗೆ 7 ಗಂಟೆ.
ಮೇಲಿನ ಗಾಳ – ಹಿಟ್ಟು – ಮೀನು ಇಲ್ಲ.
ಕೆಳಗಿನ ಗಾಳ – ಹಿಟ್ಟು – ಗೆಂಡೆ 2.

ಒಂದು ದಿನದ ಲೆಕ್ಕ ಸಾಲದು. ಹತ್ತು ದಿನ ಬರೆದು ಓದಿ ನೋಡಿ. ನಿಮ್ಮ ಕೆರೆಯ ಗುಟ್ಟು ನಿಮ್ಮ ಕೈಬರಹದಲ್ಲೇ ಕಾಣುತ್ತದೆ.

ಮರಿ ಕಾಯುವ ಮೀನು

ಮಳೆಗಾಲದಲ್ಲಿ ದಡದ ಹತ್ತಿರ ಕೆಂಪು ಬಣ್ಣದ ಸಣ್ಣ ಮರಿಗಳು ಗುಂಪಾಗಿ ಕಾಣುತ್ತವೆ. ಅವು ಕೊರವದ ಮರಿಗಳು. ತಂದೆ ತಾಯಿ ಮೀನು ಕೆಳಗೇ ಇದ್ದು ಕಾಯುತ್ತವೆ. ಆಗ ತಗಡು ಎಳೆದರೆ ಸಿಟ್ಟಿನಿಂದ ಬಂದು ಕಚ್ಚುತ್ತವೆ. ಹಿಡಿಯೋದು ಸುಲಭ. ಆದರೆ ಹಿಡಿಯಬೇಡಿ. ಕಾಯುವವರು ಹೋದರೆ ಮರಿಗಳನ್ನು ಬೇರೆ ಮೀನುಗಳು ತಿಂದುಬಿಡುತ್ತವೆ. ಇವತ್ತಿನ ಒಂದು ಸಾರಿಗೆ ಮುಂದಿನ ವರ್ಷದ ಮೀನು ಹೋಗುತ್ತದೆ.

ನೆನಪಿಡಿ

* ಕೆರೆಯನ್ನು ಗುತ್ತಿಗೆಗೆ ಕೊಟ್ಟಿರಬಹುದು. ಗಾಳ ಹಾಕಬಹುದೇ, ಎಷ್ಟು ಹಾಕಬಹುದು ಎಂದು ಪಂಚಾಯಿತಿಯಲ್ಲಿ ಅಥವಾ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ.
* ಸೀಸದ ಗುಂಡು ವಿಷ. ಅದನ್ನು ಹಲ್ಲಿನಿಂದ ಕಚ್ಚಬೇಡಿ. ಮಕ್ಕಳ ಕೈಗೆ ಕೊಡಬೇಡಿ.
* ಕರೆಂಟ್ ತಂತಿಯ ಕೆಳಗೆ ಕೋಲು ಎತ್ತಬೇಡಿ.
* ಹರಿದ ದಾರವನ್ನು ದಡದಲ್ಲಿ ಬಿಡಬೇಡಿ. ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.
* ಗಾಳ ಕೈಗೆ ಚುಚ್ಚಿದರೆ ಆಸ್ಪತ್ರೆಗೆ ಹೋಗಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಿ.

ನಿಮ್ಮ ಕೆರೆಯಲ್ಲಿ ಯಾವ ಯಾವ ಮೀನುಗಳಿವೆ? ಅವು ಎಲ್ಲಿ ಮೇಯುತ್ತವೆ? ಅಕ್ಕಪಕ್ಕದವರನ್ನು ಕೇಳಿ. ಪಟ್ಟಿ ಮಾಡಿ ಬರೆಯಿರಿ.