ದಾನದ ಹಣ, ಕಾಣುವ ಕಣ್ಣು

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ನಮ್ಮಲ್ಲಿದೆ. ಕೊಟ್ಟವನು ಊರಿಗೆಲ್ಲ ಹೇಳಿಕೊಂಡು ತಿರುಗಬಾರದು ಎಂಬುದು ಅದರ ಅರ್ಥ. ಆದರೆ ರೂಢಿಯಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಸೇರಿಕೊಂಡುಬಿಟ್ಟಿದೆ: ಕೊಟ್ಟ ಮೇಲೆ ಲೆಕ್ಕ ಕೇಳಬಾರದು. ಐದು ರೂಪಾಯಿಯ ಪೆನ್ನು ಕೊಳ್ಳುವಾಗಲೂ ಗೀಚಿ ನೋಡುವ ನಾವು, ಉಚಿತ ನೇತ್ರ ಶಿಬಿರಕ್ಕೆಂದು ಐನೂರು ಕೊಟ್ಟಾಗ ರಸೀದಿ ಮಡಚಿ ಕಿಸೆಗೆ ಹಾಕಿಕೊಂಡು ಸುಮ್ಮನಾಗುತ್ತೇವೆ.

ವಿಜಯಪುರದ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿರಲಿ, ಕಾಲೇಜಿನ ಎನ್‌ಎಸ್‌ಎಸ್ ಘಟಕದಲ್ಲಿರಲಿ, ದೇಣಿಗೆಯ ಡಬ್ಬಿ ಹಿಡಿಯುವವರು ಹೆಚ್ಚಾಗಿ ನೀವೇ. ಬಸವಣ್ಣನವರು ಹುಟ್ಟಿದ ಜಿಲ್ಲೆ ಇದು; ದಾಸೋಹ ಎಂಬ ಶಬ್ದವನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಮಾಜದ ಹಣ ಸಮಾಜಕ್ಕೆ ಮರಳಿತು ಎನ್ನುವುದಾದರೆ ಅದರ ಲೆಕ್ಕ ಕೇಳುವ ಹಕ್ಕೂ ಸಮಾಜದ್ದೇ.

ಲೆಕ್ಕ ಕೇಳುವುದೇನೋ ಸರಿ, ಏನೆಂದು ಕೇಳಬೇಕು? ದೂರದರ್ಶನದ ಸಂವಾದಗಳಲ್ಲಿ ಈ ವಿಷಯ ಬಂದಾಗ ಸಾಮಾನ್ಯವಾಗಿ ಮೊದಲು ಬರುವ ಪ್ರಶ್ನೆ ಒಂದೇ: "ನಾವು ಕೊಟ್ಟ ನೂರು ರೂಪಾಯಿಯಲ್ಲಿ ಆಫೀಸಿನ ಖರ್ಚಿಗೆ ಎಷ್ಟು ಹೋಗುತ್ತದೆ?" ಕಾನೂನೂ ಇದೇ ದಾರಿಯಲ್ಲಿ ಯೋಚಿಸುತ್ತದೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆ ಅದರಲ್ಲಿ ಆಡಳಿತಕ್ಕೆ ಬಳಸಬಹುದಾದ ಮಿತಿ ಮೊದಲು ಶೇ. 50 ಇತ್ತು, 2020ರ ತಿದ್ದುಪಡಿ ಅದನ್ನು ಶೇ. 20ಕ್ಕೆ ಇಳಿಸಿತು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯಲ್ಲಿ ಕಂಪನಿ ಆಡಳಿತ ವೆಚ್ಚವೆಂದು ತೋರಿಸಬಹುದಾದದ್ದು ಶೇ. 5 ಮಾತ್ರ. ಕದಿಯುವವನನ್ನು ಹಿಡಿಯಲು ಈ ಪ್ರಶ್ನೆ ಸ್ವಲ್ಪ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಆದರೆ ಪ್ರಾಮಾಣಿಕವಾದ ಎರಡು ಸಂಸ್ಥೆಗಳಲ್ಲಿ ಯಾವುದು ಹೆಚ್ಚು ಒಳ್ಳೆಯ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಇದರಿಂದ ಸಾಧ್ಯವಿಲ್ಲ. ಎಷ್ಟೋ ಸಲ ಇದು ದಾರಿ ತಪ್ಪಿಸುತ್ತದೆ.

ಹೇಗೆಂದು ನೋಡೋಣ. ಉದಾಹರಣೆಗೆ ಕಣ್ಣಿನ ಪೊರೆಯನ್ನೇ, ನಮ್ಮ ಕಡೆಯವರು ಮೋತಿಬಿಂದು ಎನ್ನುವ ಕಾಯಿಲೆಯನ್ನೇ, ತೆಗೆದುಕೊಳ್ಳುತ್ತೇನೆ. ಇದರ ಚಿಕಿತ್ಸೆಯ ಫಲ ಕೆಲವೇ ವಾರಗಳಲ್ಲಿ ಗೊತ್ತಾಗುತ್ತದೆ. ಗೋಡೆಗೆ ತೂಗುಹಾಕಿದ ಅಕ್ಷರಪಟದಿಂದ ಅಳೆಯಲೂಬಹುದು. ಆರೋಗ್ಯ ಸೇವೆಯಲ್ಲಿ ಇಷ್ಟು ಸುಲಭವಾಗಿ ಅಳತೆಗೆ ಸಿಗುವ ಕೆಲಸಗಳು ಕಡಿಮೆ.

ಎರಡು ಸಂಸ್ಥೆಗಳಿವೆ ಎಂದುಕೊಳ್ಳಿ. ಇವು ಲೆಕ್ಕಕ್ಕಾಗಿ ಕಲ್ಪಿಸಿದವು, ಎಲ್ಲಿಯೂ ಇಲ್ಲ. ಎರಡಕ್ಕೂ ವರ್ಷಕ್ಕೆ 10 ಲಕ್ಷ ರೂಪಾಯಿ ದೇಣಿಗೆ ಬರುತ್ತದೆ, ಎರಡರಲ್ಲೂ ಒಂದು ಶಸ್ತ್ರಚಿಕಿತ್ಸೆಗೆ 2,000 ರೂಪಾಯಿ ತಗಲುತ್ತದೆ. ಮೊದಲನೆಯದು "ನಮ್ಮ ಇತರ ಖರ್ಚು ಶೇ. 8 ಮಾತ್ರ" ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದೆ. ಉಳಿದ 9,20,000 ರೂಪಾಯಿಯಲ್ಲಿ 460 ಜನರಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. ಎರಡನೆಯದರ ಇತರ ಖರ್ಚು ಶೇ. 24. ಈ ಹಣದಲ್ಲಿ ಅದು ಒಬ್ಬ ನೇತ್ರ ಸಹಾಯಕನನ್ನು ಇಟ್ಟುಕೊಂಡಿದೆ, ತಿಂಗಳ ನಂತರ ಹಳ್ಳಿಗೆ ಮತ್ತೆ ಹೋಗಲು ಜೀಪು ಗೊತ್ತುಮಾಡಿದೆ, ಕನ್ನಡಕ ಕೊಡುತ್ತದೆ, ದಾಖಲೆ ಪುಸ್ತಕ ಬರೆಯುತ್ತದೆ. ಹೀಗಾಗಿ ಅದು ಮಾಡಿಸಿದ ಶಸ್ತ್ರಚಿಕಿತ್ಸೆ 380 ಮಾತ್ರ.

ದಾನಿ ಮೊದಲನೆಯದಕ್ಕೇ ಹಣ ಕೊಡುತ್ತಾನೆ. ಆದರೆ ಎರಡು ತಿಂಗಳ ನಂತರ ಪರೀಕ್ಷಿಸಿದಾಗ ಮೊದಲನೆಯದರಲ್ಲಿ ಶೇ. 60 ಜನರಿಗೆ, ಎರಡನೆಯದರಲ್ಲಿ ಶೇ. 90 ಜನರಿಗೆ ಚೆನ್ನಾಗಿ ಕಾಣುತ್ತಿದೆ ಎಂದಿಟ್ಟುಕೊಳ್ಳಿ. ಅಲ್ಲಿ ದೃಷ್ಟಿ ಮರಳಿದ್ದು 276 ಜನರಿಗೆ. ಇಲ್ಲಿ 342 ಜನರಿಗೆ. ಒಬ್ಬರಿಗೆ ದೃಷ್ಟಿ ಮರಳಿಸಲು ಅಲ್ಲಿ ಸುಮಾರು 3,623 ರೂಪಾಯಿ ಆಯಿತು, ಇಲ್ಲಿ ಸುಮಾರು 2,924. "ಹೆಚ್ಚು ಆಫೀಸು ಖರ್ಚಿನ" ಸಂಸ್ಥೆಯೇ ಅಗ್ಗವಾಯಿತು! ಮೊದಲನೆಯದು ಶಸ್ತ್ರಚಿಕಿತ್ಸೆಗಳನ್ನು ಎಣಿಸಿತು, ಎರಡನೆಯದು ಕಾಣುವ ಕಣ್ಣುಗಳನ್ನು ಎಣಿಸಿತು.

ಈ ವ್ಯತ್ಯಾಸಕ್ಕೆ ನಮ್ಮ ಸೀಮೆಯಲ್ಲೇ ಇತಿಹಾಸವಿದೆ. ಸಾಮೂಹಿಕ ನೇತ್ರ ಶಿಬಿರಗಳಿಂದ ದೇಶಕ್ಕೆಲ್ಲ ಹೆಸರಾದ ಡಾ. ಎಂ. ಸಿ. ಮೋದಿಯವರು ಬೀಳಗಿಯವರು. ಬೀಳಗಿ 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರುವವರೆಗೂ ವಿಜಾಪುರ ಜಿಲ್ಲೆಯಲ್ಲೇ ಇತ್ತು. ಅವರು ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದನ್ನು ಗಿನ್ನೆಸ್ ದಾಖಲೆ ಪುಸ್ತಕ ಬರೆದುಕೊಂಡಿತು. ನೇತ್ರ ವೈದ್ಯರು ಹಳ್ಳಿಗೆ ಕಾಲಿಡದಿದ್ದ ಕಾಲದಲ್ಲಿ ಅದು ಎಂಥ ಕೆಲಸವೆಂದು ಇಂದು ಊಹಿಸುವುದೂ ಕಷ್ಟ. ಅವರ ಸಾಧನೆಯನ್ನು ಕುಗ್ಗಿಸುವ ಉದ್ದೇಶ ನನಗಿಲ್ಲ. ಆದರೆ ಆ ಕಾಲದ ಶಸ್ತ್ರಚಿಕಿತ್ಸೆಯ ಸ್ವರೂಪವನ್ನು ಗಮನಿಸಬೇಕು. ಮಂಜಾದ ಮಸೂರವನ್ನು ತೆಗೆದುಹಾಕುತ್ತಿದ್ದರು, ಅದರ ಜಾಗದಲ್ಲಿ ಬೇರೆ ಮಸೂರ ಇಡುತ್ತಿರಲಿಲ್ಲ. ರೋಗಿ ಹೊರಗಡೆ ಸುಮಾರು +10 ಶಕ್ತಿಯ ದಪ್ಪ ಕನ್ನಡಕ ಹಾಕಿಕೊಳ್ಳಬೇಕಾಗಿತ್ತು. ನಮ್ಮ ಅಜ್ಜ ಅಜ್ಜಿಯರ ಮೂಗಿನ ಮೇಲಿದ್ದ ಬಾಟಲಿ ತಳದಂಥ ಗಾಜು ಅದೇ. ಅದು ಒಡೆದರೆ, ಕಳೆದರೆ, ಶಸ್ತ್ರಚಿಕಿತ್ಸೆ ಯಶಸ್ವಿಯಾಗಿದ್ದರೂ ಮನುಷ್ಯ ಮತ್ತೆ ಗೋಡೆ ಹಿಡಿದೇ ನಡೆಯಬೇಕು. ಶಿಬಿರದ ಲೆಕ್ಕದಲ್ಲಿ ಮಾತ್ರ ಆತ "ಚಿಕಿತ್ಸೆ ಪಡೆದವನು". ಈಗ ಕೃತಕ ಮಸೂರವನ್ನು ಕಣ್ಣಿನೊಳಗೇ ಇಡುತ್ತಾರೆ. ತಪಾಸಣೆ ಹಳ್ಳಿಯಲ್ಲಿ, ಶಸ್ತ್ರಚಿಕಿತ್ಸೆ ನಗರದ ಆಸ್ಪತ್ರೆಯಲ್ಲಿ ಎಂಬ ಪದ್ಧತಿ ಬಂದಿದೆ. ಆದರೂ ವರದಿಗಳಲ್ಲಿ ಎದ್ದು ಕಾಣುವ ಅಂಕಿ ಇನ್ನೂ ಶಸ್ತ್ರಚಿಕಿತ್ಸೆಗಳ ಸಂಖ್ಯೆಯೇ.

ಹಾಗಾದರೆ ಚೆನ್ನಾಗಿ ಕಾಣುವುದೆಂದರೇನು? 6/18 ದೃಷ್ಟಿ ಎಂದರೆ, ಆರೋಗ್ಯವಂತ ಕಣ್ಣು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು ಈ ಕಣ್ಣು 6 ಮೀಟರ್‌ನಿಂದ ಓದುತ್ತದೆ ಎಂದರ್ಥ. ಶಸ್ತ್ರಚಿಕಿತ್ಸೆಯಾದವರಲ್ಲಿ ಕನಿಷ್ಠ ಶೇ. 80 ಜನರಿಗೆ 6/18 ಅಥವಾ ಅದಕ್ಕಿಂತ ಒಳ್ಳೆಯ ದೃಷ್ಟಿ ಇರಬೇಕು, 6/60ಕ್ಕಿಂತ ಕಡಿಮೆ ಕಾಣುವವರು ಶೇ. 5ರೊಳಗೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದ ಕೊನೆಯಲ್ಲೇ ಮಟ್ಟ ನಿಗದಿ ಮಾಡಿತು. ಸಂಸ್ಥೆಯವರನ್ನು ಕೇಳಬೇಕಾದ ಅಂಕಿ ಇದು.

ಉತ್ತರ ಬಂದಾಗ ಛೇದದಲ್ಲಿ ಯಾವ ಸಂಖ್ಯೆ ಇದೆ ಎಂದು ನೋಡುವುದನ್ನು ಮರೆಯಬೇಡಿ. ವಿಜ್ಞಾನ ಓದಿದವರೂ ಇಲ್ಲಿ ಎಡವುತ್ತಾರೆ. ನೂರು ಜನರಿಗೆ ಶಸ್ತ್ರಚಿಕಿತ್ಸೆ ಆಯಿತು. ಮರುತಪಾಸಣೆಗೆ 40 ಜನ ಬಂದರು. ಅವರಲ್ಲಿ 36 ಜನರಿಗೆ ಚೆನ್ನಾಗಿ ಕಾಣುತ್ತದೆ. ವರದಿಯಲ್ಲಿ "ಶೇ. 90 ಯಶಸ್ಸು" ಎಂದು ಬರೆದರೆ ಸುಳ್ಳೇನೂ ಆಗಲಿಲ್ಲ. ಆದರೆ ಬಾರದ 60 ಜನ ಎಲ್ಲಿ? ಚೆನ್ನಾಗಿ ಕಾಣುತ್ತಿದೆಯೆಂದು ಬಾರದೆ ಇರಬಹುದು. ಏನೂ ಕಾಣದೆ, ಕರೆತರುವವರಿಲ್ಲದೆ, ಬೇಸತ್ತು ಬಾರದೆಯೂ ಇರಬಹುದು. ಬಂದವರನ್ನು ನೋಡಿ ಬಾರದವರ ಬಗ್ಗೆ ತೀರ್ಪು ಕೊಡಲಾಗದು. ತಿಕೋಟಾ, ಬಬಲೇಶ್ವರದ ಸುತ್ತ ಇದು ಇನ್ನೂ ಕಠಿಣ. ಇಲ್ಲಿ ಜನ ಊರ ನಡುವೆ ಮಾತ್ರ ಇರುವುದಿಲ್ಲ. ತೋಟದ ವಸ್ತಿಗಳಲ್ಲಿ, ತಾಂಡಾಗಳಲ್ಲಿ ಚದುರಿರುತ್ತಾರೆ. ದುಡಿಯುವ ಮಕ್ಕಳು ಮಹಾರಾಷ್ಟ್ರಕ್ಕೋ ಗೋವಾಕ್ಕೋ ಗುಳೆ ಹೋಗಿದ್ದರೆ ಮುದುಕಿಯನ್ನು ಬಸ್ಸು ಹತ್ತಿಸುವವರೇ ಇರುವುದಿಲ್ಲ. ಆ 60 ಜನರ ಮನೆ ಹುಡುಕಿ ಹೋಗಲು ಡೀಸೆಲ್ ಬೇಕು, ಒಬ್ಬ ಮನುಷ್ಯನ ಸಂಬಳ ಬೇಕು. ಲೆಕ್ಕಪತ್ರದಲ್ಲಿ ಇವು "ಪ್ರವಾಸ ಭತ್ಯೆ", "ಸಿಬ್ಬಂದಿ ವೆಚ್ಚ" ಎಂಬ ಸಾಲಿನಲ್ಲಿ ಕುಳಿತು ದಾನಿಯ ಹುಬ್ಬು ಗಂಟಿಕ್ಕಿಸುತ್ತವೆ.

ಸ್ವಚ್ಛತೆಯ ಖರ್ಚಿನ ಗತಿಯೂ ಇದೇ. 2014ರಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಘುಮಾನ್‌ನಲ್ಲಿ ಸ್ವಯಂಸೇವಾ ಸಂಸ್ಥೆಯೊಂದರ ಉಚಿತ ಶಿಬಿರದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಹಲವರು ಸೋಂಕಿನಿಂದ ದೃಷ್ಟಿಯನ್ನೇ ಕಳೆದುಕೊಂಡರು. ಮಂಜಾಗಿಯಾದರೂ ಕಾಣುತ್ತಿದ್ದ ಕಣ್ಣು ಪೂರ್ತಿ ಕತ್ತಲಾಯಿತು. ಉಪಕರಣಗಳನ್ನು ಕುದಿಹಬೆಯಲ್ಲಿ ಶುದ್ಧಿಮಾಡುವ ಯಂತ್ರ, ಪ್ರತಿ ರೋಗಿಗೂ ಬೇರೆ ಉಪಕರಣ, ತರಬೇತಿ ಪಡೆದ ದಾದಿ ಇವೆಲ್ಲ ದುಡ್ಡು ಕೇಳುವ ಸಂಗತಿಗಳು. "ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಜನರಿಗೆ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದಾಗ ಯಾವ ಖರ್ಚನ್ನು ಕಡಿಮೆ ಮಾಡಿದಿರಿ ಎಂದು ಕೇಳಬೇಕು.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯೂ ಇದೆ. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆ 1976ರಲ್ಲಿ 11 ಹಾಸಿಗೆಗಳಿಂದ ಆರಂಭವಾಯಿತು. 1992ರಲ್ಲಿ ಅದರವರು ಅರೋಲ್ಯಾಬ್ ಎಂಬ ಮಸೂರ ತಯಾರಿಕಾ ಘಟಕ ತೆರೆದರು. ಶೇಕಡಾವಾರು ಲೆಕ್ಕ ಹಾಕುವ ದಾನಿ ಅಲ್ಲಿದ್ದರೆ, "ರೋಗಿಗಳ ಹಣದಲ್ಲಿ ಕಾರ್ಖಾನೆ ಏಕೆ?" ಎಂದು ಜಗಳ ತೆಗೆಯುತ್ತಿದ್ದನೇನೋ. ಆಗ ಹೊರದೇಶದಿಂದ ಬರುತ್ತಿದ್ದ ಮಸೂರಕ್ಕೆ ನೂರು ಡಾಲರ್ ಸುಮಾರು ಬೆಲೆ. ಅರೋಲ್ಯಾಬ್ ಅದನ್ನು ಹತ್ತು ಡಾಲರ್ ಸುಮಾರಿಗೆ ಇಳಿಸಿತು. ಬಡವರ ಕಣ್ಣಿನೊಳಗೂ ಮಸೂರ ಇಡುವುದು ಸಾಧ್ಯವಾಗಲು ಇದೂ ಒಂದು ಕಾರಣ.

ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಂಘವಾಗಿ ನೋಂದಾಯಿತವಾದ ಸಂಸ್ಥೆ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ, ಪ್ರತಿವರ್ಷ ಲೆಕ್ಕಪರಿಶೋಧನೆಯಾದ ಅಢಾವೆ ಪತ್ರಿಕೆಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆ ಕಚೇರಿಯಲ್ಲಿರುವ ದಾಖಲೆಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ತೆರಿಗೆ ವಿನಾಯಿತಿ ಬೇಕೆನ್ನುವ ಸಂಸ್ಥೆ ತನ್ನ ಆದಾಯದ ಶೇ. 85ನ್ನು ಉದ್ದೇಶಿತ ಕೆಲಸಕ್ಕೆ ವಿನಿಯೋಗಿಸಬೇಕು. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟ ದಾನಿಗೆ ತೆರಿಗೆ ರಿಯಾಯಿತಿ ಇಲ್ಲ. ಲೆಕ್ಕಪರಿಶೋಧಕರ ಸಹಿ ಇದ್ದರೆ ಹಣ ಬರೆದಲ್ಲಿಗೇ ಹೋಗಿದೆ ಎನ್ನಬಹುದು. ಅಲ್ಲಿಗೆ ಹೋಗಿ ಏನು ಮಾಡಿತು ಎಂಬುದನ್ನು ಆ ಸಹಿ ಹೇಳುವುದಿಲ್ಲ. ಹೇಳಬೇಕಾದದ್ದು ಲೆಕ್ಕಪರಿಶೋಧಕರ ಕೆಲಸವೂ ಅಲ್ಲ.

ಅಢಾವೆ ಪತ್ರಿಕೆಯ ಆದಾಯದ ಭಾಗದಲ್ಲಿ ಒಂದು ಸಾಲನ್ನು ಮಾತ್ರ ಎಚ್ಚರದಿಂದ ಓದಬೇಕು: ಸರ್ಕಾರದ ಅನುದಾನ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ, ಉಚಿತವಾಗಿ ಪೊರೆ ತೆಗೆದ ಸ್ವಯಂಸೇವಾ ಸಂಸ್ಥೆಗಳಿಗೆ ಶಸ್ತ್ರಚಿಕಿತ್ಸೆಗೆ ಇಷ್ಟೆಂದು ಹಣ ಸಿಗುತ್ತದೆ. ಆ ಶಸ್ತ್ರಚಿಕಿತ್ಸೆಗೆ ಸರ್ಕಾರವೂ ಕೊಟ್ಟು, ಅದೇ ರೋಗಿಯ ಹೆಸರಿನಲ್ಲಿ ನೀವೂ ಕೊಟ್ಟಿದ್ದರೆ, ನಿಮ್ಮ ಹಣದಿಂದ ಹೊಸದಾಗಿ ಆದದ್ದೇನು? ಉತ್ತರ ಒಳ್ಳೆಯದೇ ಇರಬಹುದು. ಅನುದಾನ ಸಾಲದೆ ಬಂದದ್ದಕ್ಕೆ, ಕನ್ನಡಕಕ್ಕೆ, ವಾಹನಕ್ಕೆ ಬಳಸಿದೆವು ಎಂದು ಅವರು ವಿವರಿಸಬಹುದು. ಕೇಳಿದ ಕೂಡಲೇ ಸಿಟ್ಟಾಗುವವರಿಗಿಂತ ಪುಸ್ತಕ ತೆರೆದು ತೋರಿಸುವವರು ನನಗೆ ಮೆಚ್ಚು. ಆದರೆ ರೋಗಿಗಳ ಹೆಸರು, ಫೋಟೋ ತೋರಿಸಿರೆಂದು ನೀವು ಒತ್ತಾಯಿಸಬೇಡಿ. ಸಂಖ್ಯೆ ಸಾಕು.

ಯಾವ ಪತ್ರಿಕೆಯಲ್ಲೂ ನಮೂದಾಗದ ಖರ್ಚೊಂದು ಉಳಿಯಿತು. ತಿಕೋಟಾ ಭಾಗದಲ್ಲಿ ಅಕ್ಟೋಬರ್ ಸುಮಾರಿಗೆ ದ್ರಾಕ್ಷಿ ಚಾಟ್ನಿ ನಡೆಯುತ್ತದೆ; ಕೂಲಿ ಒಳ್ಳೆಯದಿರುತ್ತದೆ, ಕೆಲಸ ತಪ್ಪಿಸಿದರೆ ಮನೆಗೆ ನಷ್ಟ. ಅದೇ ವಾರ ಶಿಬಿರ ಇಟ್ಟರೆ, ಅತ್ತೆಯ ಜೊತೆ ವಿಜಯಪುರಕ್ಕೆ ಬರುವ ಸೊಸೆ ಎರಡು ದಿನದ ಕೂಲಿ ಬಿಡಬೇಕು, ಮರುತಪಾಸಣೆಗೆ ಮತ್ತೊಂದು ದಿನ. ಚಿಕಿತ್ಸೆ ಉಚಿತವಾದರೂ ಆ ಮನೆ ಮೂರು ದಿನದ ಕೂಲಿ ಕೊಟ್ಟಂತಾಯಿತು. ಶಿಬಿರದ ದಿನಾಂಕವನ್ನು ಯಾರನ್ನು ಕೇಳಿ ಗೊತ್ತುಮಾಡಿದಿರಿ, ಮರುತಪಾಸಣೆಯನ್ನು ತಿಕೋಟಾದಲ್ಲಿ, ಬಬಲೇಶ್ವರದಲ್ಲಿ ಮಾಡುತ್ತೀರೋ ನಗರಕ್ಕೇ ಕರೆಸುತ್ತೀರೋ ಎಂದು ಡಬ್ಬಿ ಹಿಡಿಯುವ ಮೊದಲು ನೀವು ಕೇಳಬಹುದು.