ಮಡ್ಡಿಗೆ ರಂಟಿ ಹೂಡುವ ಮುಂಚೆ

ನಮ್ಮದು ವಿಜಯಪುರ ಜಿಲ್ಲೆಯ ಒಣಬೇಸಾಯ. ಹತ್ತು ಎಕರೆಯಲ್ಲಿ ಆರು ಎಕರೆ ಎರಿ, ನಾಲ್ಕು ಎಕರೆ ಮಡ್ಡಿ. ಹೋದ ತಿಂಗಳು ರಸ್ತೆ ಕೆಲಸದ ಗುತ್ತಿಗೆದಾರ ಒಬ್ಬ ಬಂದು, ಮಡ್ಡಿಯ ಗರಸು ಕೊಡ್ರಿ, ಬ್ರಾಸ್ ಲೆಕ್ಕದಲ್ಲಿ ರೊಕ್ಕ ಕೊಡ್ತೀನಿ ಅಂದ. "ಹುಲ್ಲು ಬಿಟ್ರ ಅಲ್ಲಿ ಏನೈತ್ರೀ ಗೌಡ್ರ?" ಅಂತ ಅವನ ಮಾತು. ಮಗನಿಗೂ ಮನಸ್ಸಿದೆ. ನಾನು ತಡಿ ಅಂದೆ. ಯಾಕೆ ತಡೆದೆ ಅನ್ನೋದಕ್ಕೆ ಒಂದು ನೋಡಿದ್ದು, ಒಂದು ಮಾಡಿದ್ದು ಕಾರಣ. ಮೊದಲು ನೋಡಿದ್ದನ್ನು ಹೇಳುತ್ತೇನೆ.

ಮಗಳನ್ನು ಸಾತಾರಾ ಕಡೆ ಕೊಟ್ಟೇವಿ. ಎರಡು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ಬೀಗರು ಕಾಸ್ ಪಠಾರಕ್ಕೆ ಕರೆದುಕೊಂಡು ಹೋದರು. ಸಾತಾರಾದಿಂದ ಪಡುವಣಕ್ಕೆ ಸುಮಾರು 25 ಕಿಲೋಮೀಟರ್, ಸಮುದ್ರ ಮಟ್ಟದಿಂದ ಸುಮಾರು 1200 ಮೀಟರ್ ಎತ್ತರ. ಪಶ್ಚಿಮ ಘಟ್ಟದ ಜಾಗಗಳನ್ನು 2012ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಇದೂ ಸೇರಿತು. ಗುಡ್ಡದ ನೆತ್ತಿಯನ್ನು ಕೊಯ್ದು ಸಮ ಮಾಡಿದ ಹಾಗೆ ಬಯಲು. ಕಣ್ಣಿಗೆ ಬೀಳುವಷ್ಟು ದೂರ ಹೂವು. ಜನ ಹೂವಿನ ಫೋಟೋ ಹೊಡೆಯುತ್ತಿದ್ದರು. ನಾನು ರೈತ, ನನಗೆ ನೆಲದ ಚಿಂತೆ. ದಾರಿಯ ಅಂಚಿಗೆ ಕುಂತು ಛತ್ರಿಯ ತುದಿ ಊರಿ ನೋಡಿದೆ. ಎರಡು ಬೆರಳು ಇಳಿಯಿತು, ಟಕ್ ಅಂತ ಕಲ್ಲು. ಇನ್ನೊಂದು ಕಡೆ ನಾಲ್ಕು ಬೆರಳು. ತಗ್ಗಿನಲ್ಲಿ ಮಾತ್ರ ಗೇಣು ಮಣ್ಣು. ನಡುನಡುವೆ ಬರೀ ಬಂಡೆ, ಅದರ ಮೇಲೆ ನೀರು ನಿಂತಿತ್ತು.

ಆ ನೆಲ ನಮಗೆ ಪರಕೀಯವಲ್ಲ. ಸುಮಾರು 6.6 ಕೋಟಿ ವರ್ಷದ ಹಿಂದೆ ಭೂಮಿ ಬಿರಿದು, ಒಳಗಿನ ಕಲ್ಲು ಕರಗಿ ಉಕ್ಕಿ, ಪದರಿನ ಮೇಲೆ ಪದರಾಗಿ ಹರಡಿತು. ಇವತ್ತಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಇದೆ. ಮಹಾರಾಷ್ಟ್ರದ ಬಹುಭಾಗ, ನಮ್ಮ ಕಡೆ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಸೀಮೆ ಎಲ್ಲ ಅದರೊಳಗೇ ಬರುತ್ತವೆ. ನಾವು ಬಾವಿ ತೋಡುವಾಗ ಸಿಗುವ ಕರಿಕಲ್ಲು ಅದೇ. ಆ ಕಲ್ಲು ಕೊಳೆತು ಗರಸಾಗುತ್ತದೆ, ಗರಸು ಕೊಳೆತು ಮಣ್ಣಾಗುತ್ತದೆ. ಏರಿನ ಮೇಲಿನ ನಯ ಮಣ್ಣು ಮಳೆಯ ಜೊತೆ ಇಳಿದು ತಗ್ಗಿನಲ್ಲಿ ಕೂಡಿ ಆಳದ ಎರಿಯಾಗುತ್ತದೆ. ಡೋಣಿ ದಂಡೆಯ ಎರಿಗೆ ಮುಖ ಮಾಡಿ ಕೈ ಮುಗಿಯುವ ನಾವು ಮಡ್ಡಿಯನ್ನು ಬೈಯುತ್ತೇವೆ. ಎರಿಗೆ ತಾಯಿ ಈ ಮಡ್ಡಿಯೇ.

ಕಾಸ್ ನೆತ್ತಿಯ ಮೇಲೆ ಮಾತ್ರ ಒಂದು ಫರಕಿದೆ. ಅಲ್ಲಿ ಮೇಲಿರುವುದು ಕೆಂಪು ಜಂಬಿಟ್ಟಿಗೆ ಕಲ್ಲು. ಕರಿಕಲ್ಲೇ ಬಹುಕಾಲದ ಮಳೆಗೆ ಸಿಕ್ಕು, ಅದರೊಳಗಿನ ಸುಣ್ಣ, ಪೊಟ್ಯಾಶ್ ಎಲ್ಲ ತೊಳೆದು ಹೋಗಿ, ಕಬ್ಬಿಣದ ಅಂಶ ಉಳಿದು ಗಟ್ಟಿಯಾದದ್ದು. (ಬೀದರ ಕೋಟೆ ಕೂತಿರುವುದೂ ಇಂಥ ಕಲ್ಲಿನ ಮೇಲೆಯೇ.) ಈ ಹೆಂಚಿನಂಥ ಕಲ್ಲಿನಿಂದ ಹೊಸ ಮಣ್ಣು ಹುಟ್ಟುವುದು ಬಲು ನಿಧಾನ. ಹುಟ್ಟಿದ್ದೂ ನಿಲ್ಲುವುದು ಕಷ್ಟ. ಅಲ್ಲಿ ವರ್ಷಕ್ಕೆ 2000 ಮಿ.ಮೀ. ಮೀರಿ ಮಳೆ. ನಮ್ಮಲ್ಲಿ 600 ಮುಟ್ಟಿದರೆ ಹಬ್ಬ. ಇಷ್ಟು ಮಳೆ ಬಿದ್ದರೂ, ನಿಂತ ಒಂದೆರಡು ತಿಂಗಳಿಗೇ ಆ ಮಣ್ಣು ಒಣಗಿ ಪುಡಿಯಾಗುತ್ತದೆ. ನೀರು ಹಿಡಿಯಲು ಆಳವೇ ಇಲ್ಲವಲ್ಲ!

ಅಲ್ಲಿ ಹುಳ ಹಿಡಿದು ತಿನ್ನುವ ಸಣ್ಣ ಗಿಡ ತೋರಿಸಿದರು. ಎಲೆಯ ಮೇಲೆ ಅಂಟು ಹನಿ, ನೊಣ ಕುಂತರೆ ಸಿಕ್ಕಿಬೀಳುತ್ತದೆ. ಎಲ್ಲರೂ ಚೋದ್ಯ ಪಟ್ಟರು. ನನಗೆ ಬೇರೆ ವಿಚಾರ ಬಂತು. ಬೇರಿಗೆ ಸಾರಜನಕ ಸಿಗದೆ ಗಿಡ ಬೇಟೆಗೆ ಇಳಿದಿದೆ ಅಂದರೆ ಮಣ್ಣು ಎಷ್ಟು ಬಡವಾಗಿರಬೇಕು! ಆದರೂ ಬಯಲು ಹಸಿರಾಗಿತ್ತು. ಹುಲ್ಲಿನ ಬೇರು ಆ ಎರಡು ಬೆರಳು ಮಣ್ಣನ್ನು ಚಾಪೆ ನೇಯ್ದ ಹಾಗೆ ಹಿಡಿದಿತ್ತು. ಕೆಳಗೆ ಕಾಸ್ ಕೆರೆ ಇದೆ, ಸಾತಾರಾ ಪಟ್ಟಣಕ್ಕೆ ಅಲ್ಲಿಂದ ಕುಡಿಯುವ ನೀರು. ಆ ನೀರೇ ಉರ್ಮೋಡಿ ಹೊಳೆಯಾಗಿ ಕೃಷ್ಣೆ ಸೇರಿ ನಮ್ಮ ಆಲಮಟ್ಟಿಗೂ ಬರುತ್ತದೆ. ನೇಗಿಲು ಹೂಡಿದರೆ ಆ ಮಣ್ಣೆಲ್ಲ ಕೆರೆಯ ಹೊಟ್ಟೆಗೆ. ಅಲ್ಲಿನ ಜನ ನೆತ್ತಿಯನ್ನು ಹುಲ್ಲಿಗೆ ಬಿಟ್ಟು, ಸ್ವಲ್ಪ ಮಣ್ಣು ಕೂಡಿದ ಇಳಿಜಾರಿನಲ್ಲಿ ರಾಗಿ, ಸಾವೆ ಬಿತ್ತುತ್ತಾರಂತೆ. ಕೆಲವು ವರ್ಷ ಬೆಳೆದು ಮತ್ತೆ ಬೀಳು ಬಿಡುವ ರೂಢಿ.

ಇನ್ನು ನಾನು ಮಾಡಿದ್ದು. 1998ರಲ್ಲಿ ನನಗೆ ಮೂವತ್ತರ ಹತ್ತಿರ ವಯಸ್ಸು, ಮೈಯಲ್ಲಿ ಕಸುವು. "ಮಡ್ಡಿ ಹುಲ್ಲಿಗೇ ಇರ್ಲಿ ಬಿಡೋ" ಅಂತ ಅಪ್ಪ ಹೇಳಿದರೂ ಕೇಳದೆ ಟ್ರ್ಯಾಕ್ಟರ್ ತಂದು ನಾಲ್ಕೂ ಎಕರೆ ಮಗ್ಗಲು ಮಗುಚಿದೆ. ಮೊದಲ ವರ್ಷ ಹುರಳಿ ಚೆಲೋ ಬಂತು, ಎಕರೆಗೆ ಎರಡು ಚೀಲದ ಮೇಲೆ. ಅಪ್ಪನ ಮುಂದೆ ಮೀಸೆ ತಿರುವಿದೆ. ಅದು ಹುಲ್ಲಿನ ಬೇರು ಕೊಳೆತು ಕೊಟ್ಟ ಗೊಬ್ಬರದ ಫಲ ಅಂತ ಆಗ ತಿಳಿಯಲಿಲ್ಲ. ಮೂರನೇ ವರ್ಷಕ್ಕೆ ಸಜ್ಜಿ ಮೊಣಕಾಲುದ್ದಕ್ಕೇ ತೆನೆ ಹಾಕಿತು. ಏಳನೇ ವರ್ಷಕ್ಕೆ ಕೂರಿಗೆಯ ತಾಳಿಗೆ ಬರೀ ಹರಳು ಬಡಿಯತೊಡಗಿತು. ಬಾರಿ ಗಿಡದ ಬೇರು ನೆಲಬಿಟ್ಟು ಎರಡು ಬೆರಳು ಮೇಲೆದ್ದು ನಿಂತವು.

ಆ ಎರಡು ಬೆರಳಿನ ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಮೇಲೆ ಒಂದು ಮಿ.ಮೀ. ಮಣ್ಣು ಹೋದರೆ ಸುಮಾರು 4 ಘನಮೀಟರ್, ಅಂದರೆ ಒಂದೂವರೆ ಬ್ರಾಸಿಗೆ ಹತ್ತಿರ. ಎರಡು ಬೆರಳು ಅಂದರೆ 35 ಮಿ.ಮೀ. ಎಕರೆಗೆ 50 ಬ್ರಾಸ್, ನಾಲ್ಕು ಎಕರೆಗೆ 200. ಗುತ್ತಿಗೆದಾರ ರೊಕ್ಕ ಕೊಟ್ಟು ಒಯ್ಯುತ್ತೇನೆ ಅನ್ನುವುದನ್ನು ನಾನು ಏಳು ವರ್ಷದಲ್ಲಿ ಪುಕ್ಕಟೆ ಹಳ್ಳಕ್ಕೆ ಕೊಟ್ಟಿದ್ದೆ. ಹೋದದ್ದು ನಯ ಮಣ್ಣು, ಉಳಿದದ್ದು ಹರಳು. ಬೆರಳು ದಪ್ಪ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು.

ನೀರಿನ ಲೆಕ್ಕವೂ ಹೀಗೇ. ಒಂದು ಮೀಟರ್ ಆಳದ ಎರಿ ಬೆಳೆಗೆ ಸಿಗುವಂಥ 150 ಮಿ.ಮೀ. ಮೀರಿ ನೀರು ಹಿಡಿದಿಡುತ್ತದೆ. ಅದಕ್ಕೇ ಬಿಳಿಜೋಳ ಮಳೆಯಿಲ್ಲದೆ ಬರೀ ಹಸಿ ಮೇಲೆ ಬರುತ್ತದೆ. ಗೇಣು ಆಳದ ಗರಸು ಮಣ್ಣು 25-30 ಮಿ.ಮೀ. ಹಿಡಿದರೆ ಹೆಚ್ಚು. ದಿನಕ್ಕೆ ನಾಲ್ಕೈದು ಮಿ.ಮೀ. ಖರ್ಚಾದರೆ ಆರೇಳು ದಿನದ ಗಂಟು. ಮಳೆ ಹದಿನೈದು ದಿನ ಕೈಕೊಟ್ಟರೆ ಬೆಳೆ ಸಾಯುತ್ತದೆ. ಹುಲ್ಲು ಬೇರಿನಲ್ಲಿ ಜೀವ ಇಟ್ಟುಕೊಂಡು ಕಾಯುತ್ತದೆ.

2006ರಿಂದ ಮಡ್ಡಿಗೆ ರಂಟಿ ಮುಟ್ಟಿಸಿಲ್ಲ. ಆರಿಸಿದ ಕಲ್ಲನ್ನೇ ಇಳಿಜಾರಿಗೆ ಅಡ್ಡ, ಸಮಮಟ್ಟದ ಸಾಲಿನಲ್ಲಿ ಮೊಣಕಾಲೆತ್ತರ ಪೇರಿಸಿದೆ. ಅದರ ಹಿಂದೆ ಈಗ ಗೇಣು ಮಣ್ಣು ಕೂಡಿದೆ. ಒಂದು ಕಡೆ ಯಂತ್ರದಿಂದ ಕಾಲುವೆ ತೋಡಿಸಿ ಕೆಟ್ಟೆ. ತೆಳು ಮಣ್ಣಿನಲ್ಲಿ ತೋಡಿದರೆ ಗರಸು ಸಡಿಲಾಗಿ ಹೊಸ ಕೊರಕಲೇ ಬಿತ್ತು. ಗುಂಡಿ ಹೊಡೆದು ಹಚ್ಚಿದ ನಲವತ್ತು ಗಿಡದಲ್ಲಿ ಬಹಳಷ್ಟು ಮಳೆಗಾಲದಲ್ಲಿ ನೀರು ನಿಂತೇ ಕೊಳೆತವು. ಗುಂಡಿಯ ತಳ ಗಡಿಗೆಯ ಹಾಗೆ, ನೀರು ಇಳಿಯದು. ಕಲ್ಲಿನ ಸೀಳಿನಲ್ಲಿ ಬೀಜ ಊರಿದ ಸೀತಾಫಲ ಮಾತ್ರ ಉಳಿದವು. ಮಳೆಗೆ ಮುಂಚೆ ಅಂಜನ ಹುಲ್ಲು ಮತ್ತು ಸ್ಟೈಲೋ ಬೀಜ ಚೆಲ್ಲಿದೆ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಕೈ ಇಡಲಾಗದಷ್ಟು ಬಿಸಿ ನೀರಲ್ಲಿ (ಕುದಿಯುವ ನೀರಲ್ಲ) ನಾಲ್ಕು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಆರಿಸಿ ಚೆಲ್ಲಬೇಕು. ಮೊದಲ ಎರಡು ವರ್ಷ ದಸರಾ ತನಕ ದನ ಬಿಡಲಿಲ್ಲ. ಇದಕ್ಕೆ ಊರಲ್ಲಿ ಜಗಳವೂ ಆಯಿತು. ಈಗಲೂ ಬೀಜ ಉದುರಿದ ಮೇಲೆಯೇ ಕೊಯ್ಯುತ್ತೇವೆ.

2023ರ ಬರದಲ್ಲಿ ಎರಿಯ ಜೋಳ ಕೈಕೊಟ್ಟು ಕಣಿಕಿಯೂ ಇಲ್ಲದಾದಾಗ, ಎರಡು ಎತ್ತು ಒಂದು ಎಮ್ಮೆಯನ್ನು ಈ ಹುಲ್ಲಿನ ಮೇಲೆಯೇ ಮೂರು ತಿಂಗಳು ನಿಭಾಯಿಸಿದೆವು. ಮಗ ಅದನ್ನು ಮರೆತಿಲ್ಲ, ಆದರೆ ಸಾಲದ ಕಂತು ಅವನ ತಲೆಯ ಮೇಲಿದೆ. ಅದನ್ನೂ ನಾನು ಸುಳ್ಳು ಅನ್ನಲಾರೆ. ಪಕ್ಕದ ಹೊಲದವರು ಗರಸು ಕೊಟ್ಟಲ್ಲಿ ಆಳೆತ್ತರ ತಗ್ಗು ಬಿದ್ದಿದೆ, ಮಳೆ ನೀರು ನಮ್ಮ ಬದುವನ್ನು ಒಳಗಿನಿಂದ ಕೊರೆಯುತ್ತಿದೆ. ಅಪ್ಪಮಗ ಇಬ್ಬರೂ ಹೋಗಿ ಅದನ್ನು ನೋಡಿ ಬಂದೆವು. ಗುತ್ತಿಗೆದಾರ ದೀಪಾವಳಿ ಆದ ಮೇಲೆ ಮತ್ತೆ ಬರ್ತೀನಿ ಅಂದಾನೆ. ಹುಲ್ಲು ಕೊಯ್ಯುವುದೂ ಆಗಲೇ. ಅಂಜನದ ಬೀಜ ಬೇಕಾದ ನೆರೆಯ ರೈತರು ಆ ಹೊತ್ತಿಗೆ ಒಂದು ಚೀಲ ಹಿಡಿದು ಬಂದರೆ ಕೊಡುತ್ತೇನೆ.