ಹೊಳ್ಳಿ ಬರುವ ಗೆರೆ

ಚಿತ್ರಕಲೆಯ ಮಾಸ್ತರನಾಗಿ ಮೂವತ್ತು ವರುಷ ಮಕ್ಕಳ ಕೈಗೆ ಪೆನ್ಸಿಲು ಹಿಡಿಸಿದವನು ನಾನು. ಆದಕಾರಣ, ಬೈಲಹೊಂಗಲದ ಪ್ರೌಢಶಾಲೆಯೊಂದರ ಹುಡುಗಿಯರು ಚಿತ್ರ ಬರೆಯುವ ರೋಬೋಟನ್ನು ಕಟ್ಟಿದ್ದಾರೆಂದು ಕೇಳಿದಾಗ, ಕುತೂಹಲಕ್ಕಿಂತ ಮುನಿಸೇ ಹೆಚ್ಚಾಗಿ ಉಂಟಾಯಿತು.

ಯಂತ್ರಮಾನವನೆಂಬ ನಮ್ಮ ಮಾತು ಅದಕ್ಕೆ ಒಪ್ಪದು. ಊಟದ ತಾಟಿನಗಲದ ಹಲಗೆ, ಎರಡು ಗಾಲಿ, ಎರಡು ಮೋಟಾರು. ಗಾಲಿಗಳ ನಟ್ಟನಡುವೆ ಕೊರೆದ ತೂತಿನಲ್ಲಿ ಒಂದು ಪೆನ್ನು. ಅದು ನಡುವೆಯೇ ಇರಬೇಕು. ಇಲ್ಲದಿದ್ದರೆ ಹಲಗೆ ಹೊರಳುವಾಗ ಮೂಲೆಯಲ್ಲಿ ಗೆರೆ ಬಳುಕುತ್ತದೆ. ‘ಇಷ್ಟು ಮುಂದೆ ಹೋಗು, ಇಷ್ಟು ಹೊರಳು’ ಎಂಬ ಆಜ್ಞೆಗಳ ಸಾಲೇ ಅದರ ಪ್ರೋಗ್ರಾಮು. ಈ ಆಟಕ್ಕೆ ಹಿರಿಯರುಂಟು. 1967ರಲ್ಲಿ ಅಮೆರಿಕದ ಸೆಮೂರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಲೋಗೋ ಎಂಬ ಭಾಷೆಯನ್ನು ರಚಿಸಿದರು. ಮುಂದೆ ಅದರ ಆಜ್ಞೆಯಂತೆ ನಡೆವ ಯಂತ್ರದ ಆಮೆಯೊಂದು ಹೊಟ್ಟೆಯಡಿಯ ಪೆನ್ನಿನಿಂದ ಗೆರೆ ಎಳೆಯಿತು.

ಹುಡುಗಿಯರು ಆರಿಸಿಕೊಂಡ ಚಿತ್ರ ಕಸೂತಿಯ ಗೋಪುರ. ನಮ್ಮ ಸೀಮೆಯ ಚಂದ್ರಕಾಳಿ ಸೀರೆಯ ಸೆರಗಿನಲ್ಲಿ ಕಾಣುವಂಥದು. ಒಂದು ಗೆರೆ ಮುಗಿದೊಡನೆ ಪೆನ್ನನ್ನೆತ್ತಿ, ಇನ್ನೊಂದು ಕಡೆಗೆ ನಡೆಸಿ, ಇಳಿಸುತ್ತಿದ್ದರು. ಇಳಿದಾಗಲೆಲ್ಲ ಅದು ಕೂದಲೆಳೆಯಷ್ಟು ಜಾಗ ತಪ್ಪುತ್ತಿತ್ತು.

ಅಂದು ಒಬ್ಬಳ ಅಜ್ಜಿಯೂ ಬಂದಿದ್ದರು. ರಾಮದುರ್ಗದ ನೇಕಾರರ ಮನೆಯ ಮಗಳು. ಮೊಮ್ಮಗಳು ತೊಡಕನ್ನು ವಿವರಿಸಿದಾಗ ಅವರು, “ಎತ್ತೂದ್ಯಾಕವ್ವಾ? ಹೋದ ಹಾದೀಲೇ ಹೊಳ್ಳಿ ಬರಬೇಕು” ಎಂದರು.

ಇದು ಗವಂತಿ ಹೊಲಿಗೆಯ ಮರ್ಮ. ಸೂಜಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಮರಳುವಾಗ ಬಿಟ್ಟ ಎಡೆಗಳೆಲ್ಲ ತುಂಬುತ್ತವೆ. ಗಂಟಿಲ್ಲ, ಬಟ್ಟೆಯ ಎರಡೂ ಮೈ ಒಂದೇ ತೆರ. ಒಂದಕ್ಕೊಂದು ಕೂಡಿದ ಗೆರೆಗಳಲ್ಲಿ ಪ್ರತಿಯೊಂದನ್ನೂ ಎರಡು ಸಲ ನಡೆದರೆ ಎಲ್ಲಿಯೂ ಎತ್ತದೆ ಹೊರಟಲ್ಲಿಗೇ ಮರಳಬಹುದೆಂಬುದು, 18ನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಸೇತುವೆಗಳ ಒಗಟನ್ನು ಬಿಡಿಸಿದಾಗ ದೊರೆತ ತತ್ತ್ವವೂ ಹೌದು. ಅಜ್ಜಿಗೆ ಆಯ್ಲರನ ಹಂಗಿರಲಿಲ್ಲ.

ಪ್ರೋಗ್ರಾಮನ್ನು ತಿದ್ದಿದರು. ಈಗ ಮರಳುವ ಗೆರೆ ಮೊದಲಿನದರ ಮೇಲೆ ಬೀಳದೆ ಪಕ್ಕಕ್ಕೆ ಸರಿಯಿತು. ಗಾಲಿ ಜಾರಿ ಒಂದೊಂದು ಹೊರಳಿಗೆ 2 ಡಿಗ್ರಿ ಕಡಿಮೆಯಾದರೂ ಚೌಕ ಮುಗಿಯುವಷ್ಟರಲ್ಲಿ 8 ಡಿಗ್ರಿ ವಾರೆ! ಗೋಪುರ ಕುಡಿದವನಂತೆ ವಾಲಿತು. ಅಜ್ಜಿ ನನ್ನತ್ತ ತಿರುಗಿ, “ಮಾಸ್ತರ್ರ, ಇದಕ್ಕ ಕಣ್ಣಿಲ್ಲೇನ್ರಿ?” ಎಂದು ಕೇಳಿದರು.

ನನಗೆ ಉತ್ತರ ತೋಚಲಿಲ್ಲ. ಕಸೂತಿ ಹಾಕುವ ಹೆಂಗಸು ಪ್ರತಿ ಹೊಲಿಗೆಗೂ ಬಟ್ಟೆಯ ಎಳೆಗಳನ್ನು ಎಣಿಸುತ್ತಾಳೆ. ತಪ್ಪು ಆ ಕ್ಷಣದಲ್ಲೇ ಕಾಣುತ್ತದೆ. ಈ ಹಲಗೆಯಾದರೋ ಹೇಳಿದ್ದನ್ನು ಕುರುಡಾಗಿ ನಡೆಯುತ್ತಿತ್ತು. 1940ರ ದಶಕದ ಕೊನೆಗೆ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಕಟ್ಟಿದ ಯಂತ್ರದ ಆಮೆಗಳಿಗಾದರೂ ಬೆಳಕನ್ನರಸುವ ಒಂದು ಕಣ್ಣಿತ್ತು.

ಮುಂದಿನ ವಾರ ಹೋದಾಗ ಹಲಗೆಯ ಅಡಿಗೆ ಇನ್‌ಫ್ರಾರೆಡ್ ಸೆನ್ಸರುಗಳನ್ನು ಕೂಡಿಸಿದ್ದರು. ಕಾಗದದ ತುಂಬ ಕಪ್ಪು ಚೌಕಗಳ ಜಾಲ. ಕಪ್ಪು ಕಿರಣವನ್ನು ನುಂಗುತ್ತದೆ, ಬಿಳುಪು ತಿರುಗಿಸುತ್ತದೆ. ತನ್ನದೇ ಗೆರೆಯನ್ನು ಕಂಡು ಯಂತ್ರ ಭ್ರಮಿಸದಿರಲೆಂದು ಪೆನ್ನಿಗೆ ಕೆಂಪು ಮಸಿ. ಅದು ಮನೆಗಳನ್ನೆಣಿಸುತ್ತ ನಡೆದು, ಹೊಳ್ಳಿ ಬಂದಿತು.

ಚಿತ್ರ ಸಾಧಾರಣ; ಕಳಸ ತುಸು ಸೊಟ್ಟಗಿತ್ತು. ಯಂತ್ರವನ್ನು ಕಲಾವಿದನೆಂದು ಕರೆಯಲು ನಾನಿನ್ನೂ ಒಪ್ಪೆ. ಆದರೆ ಅದುವರೆಗೆ ಸೂಜಿ ಮುಟ್ಟದಿದ್ದ ಆ ಮೊಮ್ಮಗಳು ಅಜ್ಜಿಯ ಮುಂದೆ ಕರಿಬಟ್ಟೆ ಹಿಡಿದು ಕುಳಿತಿದ್ದಳು. ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ, ಎಳೆ ಕಾಣದು. ಲೆಕ್ಕ ಮಾತ್ರ ಬಾಯಲ್ಲಿದೆ. ಅದು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರು ಹೇಳುತ್ತಿದ್ದರು, ಇವಳು ಎಣಿಸಿ ಚುಚ್ಚುತ್ತಿದ್ದಳು. ತೇರಿನ ಗಾಲಿಯ ಹತ್ತಿರ ಅಜ್ಜಿಗೆ ಲೆಕ್ಕ ಮರೆಯಿತು. ಇಬ್ಬರೂ ಹೊಳ್ಳಿ ಮೊದಲಿನಿಂದ ಎಣಿಸತೊಡಗಿದರು.